ಒಂದು ಡಬ್ಬಿ, ಅರ್ಧ ಕೋಸು, ನಾಲ್ಕು ತಟ್ಟೆ

ಜಮೈಕಾ ಅಂದ ಕೂಡಲೇ ನಮ್ಮ ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ನೆನಪಾಗೋದು ಮೈಕೆಲ್ ಹೋಲ್ಡಿಂಗ್, ಕ್ರಿಸ್ ಗೇಲ್, ಉಸೇನ್ ಬೋಲ್ಟ್. ಆ ದ್ವೀಪದ ಸಾಮಾನ್ಯ ಮನೆಗಳ ಅಡುಗೆ ಏನು ಅಂತ ಕೇಳಿದರೆ ನಾವು ತಲೆ ಕೆರೆದುಕೊಳ್ಳುತ್ತೇವೆ. ಅಲ್ಲಿ ಕೈಯಲ್ಲಿ ಕಾಸು ಕಡಿಮೆ ಇದ್ದಾಗ, ಚಂಡಮಾರುತ ಬಂದು ಕರೆಂಟ್ ಹೋಗಿ ಫ್ರಿಜ್ ನಿಂತಾಗ, ಓದುವ ಹುಡುಗರು ಬಾಡಿಗೆ ರೂಮಿನಲ್ಲಿ ತಾವೇ ಬೇಯಿಸಿಕೊಳ್ಳಬೇಕಾದಾಗ ಒಲೆ ಮೇಲೆ ಏರುವ ಒಂದು ಅಡುಗೆ ಇದೆ. ಹೆಸರು 'ಬುಲ್ಲಿ ಬೀಫ್ ಅಂಡ್ ಕ್ಯಾಬೇಜ್'. ಉಪ್ಪು ಹಾಕಿ ಡಬ್ಬಿಯಲ್ಲಿ ತುಂಬಿಟ್ಟ ದನದ ಮಾಂಸ, ಅಂದರೆ ಕಾರ್ನ್ಡ್ ಬೀಫ್, ಅದರ ಜೊತೆಗೆ ಎಲೆಕೋಸು, ಪಕ್ಕದಲ್ಲಿ ಬಿಳಿ ಅನ್ನ. ಇಪ್ಪತ್ತೈದು ನಿಮಿಷದ ಕೆಲಸ.

ಈ ಸಂಚಿಕೆಯ ಪಾಠಕ್ಕೆ ನಾವು ಇದನ್ನೇ ಆರಿಸಿಕೊಂಡಿದ್ದೇವೆ. ನಮ್ಮಲ್ಲಿ ದನದ ಮಾಂಸ ತಿನ್ನುವವರೂ ಇದ್ದಾರೆ, ತಿನ್ನದವರೂ ಇದ್ದಾರೆ. ತಿನ್ನದವರು ಪುಟ ತಿರುಗಿಸಬೇಕಿಲ್ಲ. ಕಡಲೆಕಾಳಿನಲ್ಲಿ ಇದೇ ಅಡುಗೆ ಮಾಡೋದು ಹೇಗೆ ಅಂತ ಕೊನೆಯಲ್ಲಿ ಹೇಳಿದ್ದೇವೆ. ತಿಂದರೂ ತಿನ್ನದಿದ್ದರೂ ಇಲ್ಲಿರುವ ಲೆಕ್ಕ ಎಲ್ಲರಿಗೂ ಒಂದೇ. ನಮ್ಮ ಊರಿನ ಅಂಗಡಿಗಳಲ್ಲಿ ಈ ಡಬ್ಬಿ ಸಿಗೋದು ಅಪರೂಪ. ಆದರೆ ಮುಂದೆ ಎಂ.ಎಸ್. ಮಾಡೋಕೆ ಹೊರದೇಶಕ್ಕೆ ಹೋಗಿ, ನಾಲ್ಕು ಜನ ಒಂದು ಮನೆ ಹಂಚಿಕೊಂಡು ಬದುಕುವವರು ನಮ್ಮಲ್ಲೇ ಇದ್ದಾರೆ. ಅವರಿಗೆ ಈ ಡಬ್ಬಿ ಅಂಗಡಿಯ ಕಪಾಟಿನಲ್ಲಿ ಎದುರಾಗಿಯೇ ಆಗುತ್ತದೆ.

ಪಾಠದ ಸಾರ ಮೊದಲೇ ಹೇಳಿಬಿಡುತ್ತೇವೆ: ಈ ಅಡುಗೆಗೆ ಉಪ್ಪು ಹಾಕಬಾರದು, ಎಣ್ಣೆ ಹಾಕಬಾರದು, ನೀರು ಹಾಕಬಾರದು. ಮೂರೂ ಆಗಲೇ ಒಳಗಿವೆ. ಎಲ್ಲಿವೆ, ಎಷ್ಟಿವೆ ಅಂತ ಗೊತ್ತಾದರೆ ಅಡುಗೆ ಬಂದ ಹಾಗೆಯೇ.

ಹೆಸರಿನಲ್ಲಿ ಜೋಳ ಇಲ್ಲ

'ಕಾರ್ನ್' ಅಂದರೆ ಇಲ್ಲಿ ಮೆಕ್ಕೆಜೋಳ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಕಾಳು, ಹರಳು ಅನ್ನೋ ಅರ್ಥ. ಹರಳುಪ್ಪು ಸವರಿ ಕೆಡದಂತೆ ಇಟ್ಟ ಮಾಂಸವೇ ಕಾರ್ನ್ಡ್ ಬೀಫ್. ನಮ್ಮ ಉಪ್ಪಿನಕಾಯಿಯ ಹೆಸರಿನಲ್ಲಿ ಉಪ್ಪು ಕೂತಿರುವ ಹಾಗೆಯೇ ಇದರ ಹೆಸರಿನಲ್ಲೂ ಉಪ್ಪು ಕೂತಿದೆ. 'ಬುಲ್ಲಿ' ಅನ್ನೋದು, ಬೇಯಿಸಿದ ಮಾಂಸ ಅನ್ನೋ ಅರ್ಥದ 'ಬುಯಿ' ಎಂಬ ಫ್ರೆಂಚ್ ಪದದಿಂದ ಬಂದಿರಬಹುದು ಅಂತ ಹೇಳುತ್ತಾರೆ.

17 ಮತ್ತು 18ನೇ ಶತಮಾನಗಳಲ್ಲಿ ಉಪ್ಪು ಹಾಕಿದ ದನದ ಮಾಂಸಕ್ಕೆ ದೊಡ್ಡ ಪೇಟೆ ಆಗಿದ್ದದ್ದು ಐರ್ಲೆಂಡಿನ ಕಾರ್ಕ್ ಬಂದರು. ಅಲ್ಲಿಂದ ಪೀಪಾಯಿಗಳಲ್ಲಿ ಹಡಗು ಹತ್ತಿ ಅದು ನೌಕಾಪಡೆಗಳಿಗೆ, ಕೆರಿಬಿಯನ್ ದ್ವೀಪಗಳಿಗೆ ಹೋಗುತ್ತಿತ್ತು. ಆ ಮಾಂಸಕ್ಕೆ ಉಪ್ಪು ಸವರುತ್ತಿದ್ದ ದೇಶದ ಬಡವರು ಮಾತ್ರ ಆಲೂಗಡ್ಡೆ ತಿಂದು ಬದುಕುತ್ತಿದ್ದರು. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಕ್ಷಾಮ ಬಂದಾಗ ಲಕ್ಷಾಂತರ ಜನ ಅಮೆರಿಕಕ್ಕೆ ವಲಸೆ ಹೋದರು. ಊರಲ್ಲಿದ್ದಾಗ ಕೈಗೆಟುಕದಿದ್ದ ಉಪ್ಪು ಮಾಂಸ ನ್ಯೂಯಾರ್ಕಿನಲ್ಲಿ ಕೈಗೆಟುಕಿತು. ಜೊತೆಗೆ ಅಗ್ಗದ ತರಕಾರಿ ಅಂದರೆ ಎಲೆಕೋಸು. ಹೀಗೆ ಈ ಜೋಡಿ ಕೂಡಿತು. ಇವತ್ತಿಗೂ ಅಮೆರಿಕದ ಐರಿಷ್ ಮೂಲದವರಿಗೆ ಸೇಂಟ್ ಪ್ಯಾಟ್ರಿಕ್ ದಿನದ ಊಟ ಇದೇ. ಆದರೆ ಅವರದ್ದು ಮಾಂಸದ ಇಡೀ ತುಂಡು, ಗಂಟೆಗಟ್ಟಲೆ ಬೇಯಿಸಬೇಕು. ಜಮೈಕಾದ ಅಡುಗೆಯಲ್ಲಿ ಆ ಗಂಟೆಗಳನ್ನೆಲ್ಲ ಕಾರ್ಖಾನೆಯೇ ಮುಗಿಸಿ ಡಬ್ಬಿಯಲ್ಲಿ ಹಾಕಿ ಕಳಿಸಿರುತ್ತದೆ.

ಡಬ್ಬಿ ಎಂಬ ಯಂತ್ರ

1810ರಲ್ಲಿ ನಿಕೊಲಾ ಅಪೇರ್ ಎಂಬ ಫ್ರೆಂಚ್ ಅಡುಗೆಯವ, ಆಹಾರವನ್ನು ಗಾಜಿನ ಸೀಸೆಯಲ್ಲಿ ಮುಚ್ಚಿ ಕುದಿಯುವ ನೀರಿನಲ್ಲಿಟ್ಟರೆ ಬಹಳ ಕಾಲ ಕೆಡುವುದಿಲ್ಲ ಅಂತ ತೋರಿಸಿಕೊಟ್ಟು ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತವರ ಲೇಪಿಸಿದ ಕಬ್ಬಿಣದ ಡಬ್ಬಿಗೂ ಸೇರಿಸಿ ಪೇಟೆಂಟ್ ತೆಗೆದುಕೊಂಡ. ಇಲ್ಲಿ ತಮಾಷೆ ಒಂದಿದೆ. ಡಬ್ಬಿ ಬಂದು ಸುಮಾರು ಐವತ್ತು ವರ್ಷ ಆಗುವವರೆಗೂ ಅದನ್ನು ತೆಗೆಯೋಕೆ ಸರಿಯಾದ ಸಾಧನ ಇರಲಿಲ್ಲ. ಸುತ್ತಿಗೆ, ಉಳಿ ಹಿಡಿದು ಒಡೆಯಬೇಕಿತ್ತು. ಅಮೆರಿಕದಲ್ಲಿ ಎಜ್ರಾ ವಾರ್ನರ್ ಡಬ್ಬಿ ಕತ್ತರಿಸುವ ಸಾಧನಕ್ಕೆ ಪೇಟೆಂಟ್ ಪಡೆದದ್ದು 1858ರಲ್ಲಿ.

ಅಪೇರನಿಗೆ ತನ್ನ ವಿಧಾನ ಕೆಲಸ ಮಾಡುತ್ತೆ ಅಂತ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ವಿಷಯ ಪಾಶ್ಚರ್ ಬಿಡಿಸಿ ಹೇಳಿದ್ದು ಐದು ದಶಕಗಳ ನಂತರ. ಎಷ್ಟು ಶಾಖ, ಎಷ್ಟು ಹೊತ್ತು ಅನ್ನೋ ಪ್ರಶ್ನೆಯನ್ನು ಪ್ರಯೋಗಶಾಲೆಗೆ ತಂದವರಲ್ಲಿ ಮುಖ್ಯರು ಸ್ಯಾಮ್ಯುಯೆಲ್ ಪ್ರೆಸ್ಕಾಟ್ ಮತ್ತು ವಿಲಿಯಂ ಅಂಡರ್‌ವುಡ್. 1895ರ ಕೊನೆಯಲ್ಲಿ ಇಬ್ಬರೂ ಎಂ.ಐ.ಟಿ.ಯಲ್ಲಿ ಸೇರಿ, ಡಬ್ಬಿಗಳು ಯಾಕೆ ಉಬ್ಬಿ ಹಾಳಾಗುತ್ತವೆ ಅಂತ ಅಧ್ಯಯನ ಶುರು ಮಾಡಿದರು. ಒಬ್ಬ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು, ಇನ್ನೊಬ್ಬ ಡಬ್ಬಿ ವ್ಯಾಪಾರದ ಮನೆತನದವನು. ಕಾಲೇಜು ಮತ್ತು ಉದ್ಯಮ ಕೈ ಜೋಡಿಸಬೇಕು ಅಂತ ಭಾಷಣಗಳಲ್ಲಿ ಕೇಳ್ತೀವಲ್ಲ, ಅದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಈಗ ಲೆಕ್ಕಕ್ಕೆ ಬರೋಣ. ಡಬ್ಬಿಯ ದೊಡ್ಡ ಶತ್ರು ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ. ಗಾಳಿ ಇಲ್ಲದ ಜಾಗ ಅಂದರೆ ಅದಕ್ಕೆ ಇಷ್ಟ, ಅದು ಬಿಡುವ ವಿಷ ಪ್ರಾಣ ತೆಗೆಯುವಂಥದ್ದು. ಬ್ಯಾಕ್ಟೀರಿಯಾ ಸುಲಭವಾಗಿ ಸಾಯುತ್ತದೆ. ಅದರ ಬೀಜಾಣುಗಳು, ಅಂದರೆ ಸ್ಪೋರ್‌ಗಳು, ಕುದಿಯುವ ನೀರಿಗೂ ಜಗ್ಗುವುದಿಲ್ಲ. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇವುಗಳ ಸಂಖ್ಯೆ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯಲು ಸುಮಾರು 0.21 ನಿಮಿಷ ಬೇಕು. ಇದಕ್ಕೆ 'ಡಿ' ಮೌಲ್ಯ ಅಂತ ಹೆಸರು. ಡಬ್ಬಿ ಉದ್ಯಮ ಇಟ್ಟುಕೊಂಡ ಗುರಿ ಹನ್ನೆರಡು ಸಲ ಹತ್ತು ಪಾಲು ಇಳಿಕೆ, ಅಂದರೆ '12ಡಿ'. 0.21 ಗುಣಿಸು 12, ಸುಮಾರು ಎರಡೂವರೆ ನಿಮಿಷ.

ಉಷ್ಣತೆ 10 ಡಿಗ್ರಿ ಇಳಿದರೆ ಬೇಕಾದ ಸಮಯ ಹತ್ತು ಪಟ್ಟು ಏರುತ್ತದೆ. 111 ಡಿಗ್ರಿಯಲ್ಲಿ 25 ನಿಮಿಷ, 101ರಲ್ಲಿ 250 ನಿಮಿಷ. ಬರೀ ಕುದಿಯುವ ನೀರಿನಲ್ಲಿ, ಅಂದರೆ 100 ಡಿಗ್ರಿಯಲ್ಲಿ, ಐದು ಗಂಟೆಗೂ ಹೆಚ್ಚು. ಅದಕ್ಕೇ ಕಾರ್ಖಾನೆಯಲ್ಲಿ ಮುಚ್ಚಿದ ಡಬ್ಬಿಗಳನ್ನು ರಿಟಾರ್ಟ್ ಎಂಬ ದೊಡ್ಡ ಒತ್ತಡದ ಪಾತ್ರೆಯಲ್ಲಿ ಹಬೆ ಕೊಟ್ಟು ಬೇಯಿಸುತ್ತಾರೆ. ನಮ್ಮ ಮನೆ ಕುಕ್ಕರಿನ ದೊಡ್ಡಣ್ಣ ಅಂದುಕೊಳ್ಳಿ. ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೆ ಒಳಗೂ ಸುಮಾರು 120 ಡಿಗ್ರಿ ಇರುತ್ತದೆ. ಹಾಗಂತ ಮನೆ ಕುಕ್ಕರಿನಲ್ಲಿ ಮಾಂಸದ ಡಬ್ಬಿ ತಯಾರಿಸೋ ಸಾಹಸ ಬೇಡ. ಎರಡೂವರೆ ನಿಮಿಷದ ಲೆಕ್ಕ ಹಬೆಗಲ್ಲ, ಮಾಂಸದ ನಟ್ಟನಡುವಿನ ಬಿಂದುವಿಗೆ. ಗಟ್ಟಿ ಮಾಂಸದೊಳಗೆ ಶಾಖ ವಹನದಿಂದ ಮಾತ್ರ ಹೋಗಬೇಕು, ದಪ್ಪ ಎರಡು ಪಟ್ಟಾದರೆ ಸಮಯ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೀಟ್ ಟ್ರಾನ್ಸ್‌ಫರ್ ಪೇಪರಿನಲ್ಲಿ ಫೂರಿಯೆ ಸಂಖ್ಯೆ ಅಂತ ಬಾಯಿಪಾಠ ಮಾಡಿದ್ದು ಇದನ್ನೇ.

ಕಾರ್ನ್ಡ್ ಬೀಫಿನ ಡಬ್ಬಿ ಕೆಳಗೆ ಅಗಲ, ಮೇಲೆ ಕಿರಿದು. 1875ರಲ್ಲಿ ಚಿಕಾಗೋದ ವಿಲಿಯಂ ವಿಲ್ಸನ್ ಈ ಆಕಾರಕ್ಕೆ ಪೇಟೆಂಟ್ ಪಡೆದ. ಕಾರಣ ಸರಳ: ಅಗಲವಾದ ಬದಿ ತೆಗೆದು ತಲೆಕೆಳಗು ಮಾಡಿದರೆ ಮಾಂಸ ಇಡ್ಲಿ ಜಾರಿದ ಹಾಗೆ ಒಂದೇ ತುಂಡಾಗಿ ಜಾರಿ ಬರುತ್ತದೆ. ಅಚ್ಚು ವಿನ್ಯಾಸದಲ್ಲಿ 'ಡ್ರಾಫ್ಟ್' ಕೋನ ಅಂತ ಮೆಕ್ಯಾನಿಕಲ್‌ನವರು ಓದ್ತಾರಲ್ಲ, ಅದೇ ಉಪಾಯ.

ಇದೇ ಕಾಲದಲ್ಲಿ ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ದನಗಳನ್ನು ಮುಖ್ಯವಾಗಿ ಚರ್ಮಕ್ಕಾಗಿ ಕಡಿದು, ಮಾಂಸದ ಬಹುಪಾಲು ಬಿಸಾಕುತ್ತಿದ್ದರು. ಅಷ್ಟು ದೂರದಿಂದ ಯುರೋಪಿಗೆ ಅದನ್ನು ಕೆಡದಂತೆ ಸಾಗಿಸಲು ದಾರಿ ಇರಲಿಲ್ಲ. ರಸಾಯನ ವಿಜ್ಞಾನಿ ಯೂಸ್ಟಸ್ ಫಾನ್ ಲೀಬಿಗ್‌ನ ಮಾಂಸಸಾರದ ವಿಧಾನ ಓದಿದ ಗೀಬರ್ಟ್ ಎಂಬ ಎಂಜಿನಿಯರ್ ಫ್ರೇ ಬೆಂಟೋಸ್ ಎಂಬಲ್ಲಿ ಕಾರ್ಖಾನೆ ಹೂಡಿದ. 1873ರಿಂದ ಅಲ್ಲಿನ ಕಾರ್ನ್ಡ್ ಬೀಫ್ ಡಬ್ಬಿಗಳು ಹೊರದೇಶಕ್ಕೆ ಹೊರಟವು. ಆ ಹಳೆಯ ಕಾರ್ಖಾನೆ ಇರುವ ಜಾಗ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

1964ರ ಅಬರ್‌ಡೀನ್: ಒಂದು ಸಣ್ಣ ಸೋರಿಕೆ

ಇಷ್ಟೆಲ್ಲ ಲೆಕ್ಕ ಹಾಕಿ ಬೇಯಿಸಿದ ಡಬ್ಬಿಯೂ ಕೈಕೊಡಬಹುದು. 1964ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಅಬರ್‌ಡೀನ್ ನಗರದಲ್ಲಿ ಟೈಫಾಯಿಡ್ ಕಾಣಿಸಿಕೊಂಡು 400ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಅರ್ಜೆಂಟೀನಾದಿಂದ ಬಂದ ಕಾರ್ನ್ಡ್ ಬೀಫಿನ ಒಂದು ದೊಡ್ಡ ಡಬ್ಬಿ.

ಬೇಯಿಸಿದ್ದರಲ್ಲಿ ತಪ್ಪಿರಲಿಲ್ಲ, ತಣ್ಣಗೆ ಮಾಡಿದ್ದರಲ್ಲಿ ಇತ್ತು. ರಿಟಾರ್ಟಿನಿಂದ ತೆಗೆದ ಬಿಸಿ ಡಬ್ಬಿಗಳನ್ನು ತಣಿಸಲು ಶುದ್ಧೀಕರಿಸದ ನದಿ ನೀರನ್ನು ಬಳಸಿದ್ದರು. ಡಬ್ಬಿ ತಣ್ಣಗಾಗುವಾಗ ಒಳಗಿನ ಹಬೆ ನೀರಾಗಿ ಒತ್ತಡ ಇಳಿಯುತ್ತದೆ, ಒಳಗೆ ನಿರ್ವಾತ ಉಂಟಾಗುತ್ತದೆ. ಅಂಚಿನ ಬೆಸುಗೆಯಲ್ಲಿ ಕಣ್ಣಿಗೆ ಕಾಣದಷ್ಟು ತೂತು ಇದ್ದರೂ ಸಾಕು, ಹೊರಗಿನ ನೀರನ್ನು ಡಬ್ಬಿ ಒಳಗೆ ಎಳೆದುಕೊಳ್ಳುತ್ತದೆ. ನೀರಿನ ಜೊತೆ ರೋಗಾಣುವೂ ಹೋಯಿತು. ಅಂಗಡಿಯಲ್ಲಿ ಆ ಮಾಂಸವನ್ನು ಹೆಚ್ಚಿದ ಯಂತ್ರದಲ್ಲೇ ಬೇರೆ ಮಾಂಸಗಳನ್ನೂ ಹೆಚ್ಚಿದ್ದರಿಂದ ಕಾಯಿಲೆ ಹರಡಿತು. ಉತ್ಪಾದನೆಯ ಕೊನೆಯ ಹಂತದ ಒಂದು ತೊಟ್ಟಿ ನೀರು ಸಾವಿರಾರು ಮೈಲಿ ಆಚೆಯ ಊರನ್ನು ಮಲಗಿಸಿತು.

ಹಾಗಾಗಿ ಡಬ್ಬಿ ಕೊಳ್ಳುವಾಗ ಬೆಲೆ ನೋಡುವ ಮೊದಲು ಡಬ್ಬಿಯನ್ನು ನೋಡಿ. ಉಬ್ಬಿದೆಯಾ? ಅಂಚಿನ ಮಡಿಕೆಯ ಮೇಲೆ ನೆಗ್ಗಿದೆಯಾ? ಸೋರಿ ಒಣಗಿದ ಗುರುತು, ಆಳವಾದ ತುಕ್ಕು ಇದೆಯಾ? ಇದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ. ತೆಗೆಯುವಾಗ ಒಳಗಿಂದ ಏನಾದರೂ ಚಿಮ್ಮಿದರೆ, ಕೆಟ್ಟ ವಾಸನೆ ಬಂದರೆ ರುಚಿ ನೋಡೋ ಪರೀಕ್ಷೆ ಮಾಡಲೇಬೇಡಿ. ಬೊಟುಲಿನಂ ವಿಷ ಎಷ್ಟೋ ಸಲ ವಾಸನೆ, ರುಚಿ ಯಾವುದರಲ್ಲೂ ಸುಳಿವು ಕೊಡುವುದಿಲ್ಲ. ದುಡ್ಡು ಉಳಿಸೋ ಊಟ ಆಸ್ಪತ್ರೆ ಬಿಲ್ಲಿಗೆ ದಾರಿಯಾಗಬಾರದು.

ಉಪ್ಪು, ಎಣ್ಣೆ, ನೀರು: ಮೂರು ಲೆಕ್ಕ

ಸಾಮಾನ್ಯ ಡಬ್ಬಿಯ ತೂಕ 340 ಗ್ರಾಂ. ನೂರು ಗ್ರಾಂ ಕಾರ್ನ್ಡ್ ಬೀಫಿನಲ್ಲಿ ಸುಮಾರು 27 ಗ್ರಾಂ ಪ್ರೋಟೀನ್, 15 ಗ್ರಾಂ ಕೊಬ್ಬು, 900 ಮಿಲಿಗ್ರಾಂ ಸೋಡಿಯಂ ಇರುತ್ತವೆ. ಬ್ರಾಂಡ್ ಬದಲಾದರೆ ಅಂಕಿ ಸ್ವಲ್ಪ ಬದಲಾಗುತ್ತದೆ, ಲೇಬಲ್ ನೋಡಿಕೊಳ್ಳಿ.

ಮೊದಲು ಉಪ್ಪು. ಇಡೀ ಡಬ್ಬಿಯಲ್ಲಿ ಸುಮಾರು 3,060 ಮಿಲಿಗ್ರಾಂ ಸೋಡಿಯಂ. ಉಪ್ಪಿನ ಲೆಕ್ಕಕ್ಕೆ ತಂದರೆ ಹತ್ತಿರ ಹತ್ತಿರ 8 ಗ್ರಾಂ. ದೊಡ್ಡವರು ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಬ್ಬರೇ ಒಂದು ಡಬ್ಬಿ ಮುಗಿಸಿದರೆ ಒಂದೇ ಊಟಕ್ಕೆ ಒಂದೂವರೆ ದಿನದ ಪಾಲು ಖಾಲಿ. ನಾಲ್ಕು ಜನ ಹಂಚಿಕೊಂಡರೆ ತಲೆಗೆ 765. ಹಾಗಾಗಿ ನಾಲ್ಕು ತಟ್ಟೆ ಅನ್ನೋದು ಬರೀ ಜಿಪುಣತನ ಅಲ್ಲ, ಉಪ್ಪಿನ ಲೆಕ್ಕವೂ ಅದನ್ನೇ ಹೇಳುತ್ತೆ. ಅರ್ಧ ಕಿಲೋ ಕೋಸಿಗೂ ಅನ್ನಕ್ಕೂ ಈ 8 ಗ್ರಾಂ ಧಾರಾಳ ಸಾಕು.

ಎರಡನೆಯದು ಎಣ್ಣೆ. ಡಬ್ಬಿಯಲ್ಲಿ ಸುಮಾರು 50 ಗ್ರಾಂ ಕೊಬ್ಬಿದೆ. ಮೂರೂವರೆ ದೊಡ್ಡ ಚಮಚ ಎಣ್ಣೆಗೆ ಸಮ. ಅರ್ಧ ಕಿಲೋ ಕೋಸಿನ ಪಲ್ಯಕ್ಕೆ ಮನೆಯಲ್ಲಿ ಅಮ್ಮ ಹಾಕೋದು ಇದರ ಅರ್ಧವೂ ಇರಲ್ಲ. ಮತ್ತೆ ಎಣ್ಣೆ ಬಾಟಲಿ ಮುಟ್ಟೋ ಅಗತ್ಯ ಏನಿದೆ?

ಮೂರನೆಯದು ನೀರು. ಎಲೆಕೋಸಿನ ತೂಕದಲ್ಲಿ ನೂರಕ್ಕೆ 92 ಭಾಗ ನೀರೇ. ಅರ್ಧ ಕಿಲೋ ಕೋಸಿನಲ್ಲಿ 460 ಗ್ರಾಂ, ಅಂದರೆ ಹೆಚ್ಚೂಕಡಿಮೆ ಅರ್ಧ ಲೀಟರ್. ಉಪ್ಪು ಬಿದ್ದ ಕೋಸು ತಾನೇ ನೀರು ಬಿಡುತ್ತದೆ ಅನ್ನೋದು ಪಲ್ಯ ಮಾಡಿದವರಿಗೆಲ್ಲ ಗೊತ್ತು. ಇಲ್ಲಿ ಆ ಉಪ್ಪು ಮಾಂಸದಿಂದ ಬರುತ್ತದೆ.

ತಳ ಹತ್ತುತ್ತೆ ಅಂತ ಹೆದರಿ ಒಂದು ಲೋಟ, ಅಂದರೆ 200 ಗ್ರಾಂ ನೀರು ಸುರಿದರೆ ಏನಾಗುತ್ತೆ ನೋಡೋಣ. 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 63 ಕಿಲೋಜೂಲ್. ಆವಿ ಮಾಡಲು ಗ್ರಾಂಗೆ 2.26 ಕಿಲೋಜೂಲಿನಂತೆ ಸುಮಾರು 450. ಒಟ್ಟು 513 ಕಿಲೋಜೂಲ್. ಒಲೆಯಿಂದ ಬಾಣಲೆಗೆ ಒಂದು ಕಿಲೋವಾಟ್ ಶಾಖ ಸಿಗುತ್ತಿದೆ ಅಂದುಕೊಂಡರೆ ಎಂಟೂವರೆ ನಿಮಿಷ. ಒಂದು ಲೋಟ ನೀರಿನ ದಂಡ ಇಷ್ಟು. ಈ ಎಂಟೂವರೆ ನಿಮಿಷ ಕೋಸು ಸುಮ್ಮನೆ ಕೂರಲ್ಲ, ಬೇಯುತ್ತಲೇ ಇರುತ್ತೆ. ಕೋಸು ಸಾಸಿವೆಯ ಬಳಗದ್ದು, ಅದರೊಳಗೆ ಗಂಧಕದ ಸಂಯುಕ್ತಗಳಿವೆ. ಹೆಚ್ಚು ಹೊತ್ತು ಬೇಯಿಸಿದಷ್ಟೂ ಅವು ಒಡೆದು, ಮೆಸ್ಸಿನ ಮಂಗಳವಾರದ ಪಲ್ಯದ ಆ ಪರಿಚಿತ ವಾಸನೆ ಹೊರಬರುತ್ತದೆ. ಕೋಸಿಗೆ ಕೆಟ್ಟ ಹೆಸರು ತಂದಿದ್ದು ಆ ಲೋಟ ನೀರು.

ಮಾಡುವ ವಿಧಾನ

ನಾಲ್ಕು ಜನಕ್ಕೆ ಬೇಕಾದ್ದು: ಒಂದು ಡಬ್ಬಿ ಕಾರ್ನ್ಡ್ ಬೀಫ್, ಅರ್ಧ ಕಿಲೋ ಎಲೆಕೋಸು, ದೊಡ್ಡ ಈರುಳ್ಳಿ ಒಂದು, ಬೆಳ್ಳುಳ್ಳಿ ನಾಲ್ಕು ಎಸಳು, ಟೊಮೆಟೊ ಒಂದು, ಹಸಿಮೆಣಸಿನಕಾಯಿ ಎರಡು, ಕಾಳುಮೆಣಸಿನ ಪುಡಿ ಅರ್ಧ ಚಮಚ, ನಿಂಬೆ ಅರ್ಧ ಹೋಳು, ಅಕ್ಕಿ 400 ಗ್ರಾಂ. ಜಮೈಕಾದವರು ಇದಕ್ಕೆ ಥೈಮ್ ಎಂಬ ಸೊಪ್ಪು, ಈರುಳ್ಳಿ ಹೂ, ಸ್ಕಾಚ್ ಬಾನೆಟ್ ಎಂಬ ಭಯಂಕರ ಖಾರದ ಮೆಣಸಿನಕಾಯಿ ಹಾಕುತ್ತಾರೆ. ಆ ಮೆಣಸಿನಕಾಯಿಯನ್ನು ಎಷ್ಟೋ ಸಲ ಹೆಚ್ಚದೆ ಇಡಿಯಾಗಿ ಹಾಕಿ ಆಮೇಲೆ ತೆಗೆಯುತ್ತಾರೆ, ಪರಿಮಳ ಬರುತ್ತೆ, ಖಾರ ಹದದಲ್ಲಿರುತ್ತೆ. ಥೈಮ್ ಸಿಕ್ಕರೆ ಒಂದು ಚಿಟಿಕೆ ಹಾಕಿ, ಇಲ್ಲದಿದ್ದರೂ ನಡೆಯುತ್ತೆ.

1. ಮೊದಲು ಅನ್ನಕ್ಕಿಡಿ. ಉಪ್ಪು ಬೇಡ. ಉಳಿದ ಕೆಲಸವೆಲ್ಲ ಅನ್ನ ಆಗುವ ಹೊತ್ತಿಗೆ ಮುಗಿಯುತ್ತೆ.

2. ಕೋಸಿನ ನಡುವಿನ ಗಟ್ಟಿ ದಂಟು ತೆಗೆದು ಬೆರಳಗಲದ ಪಟ್ಟಿಗಳಾಗಿ ಹೆಚ್ಚಿ. ಪಲ್ಯಕ್ಕೆ ಹೆಚ್ಚುವಷ್ಟು ಸಣ್ಣಗೆ ಬೇಡ, ಸಣ್ಣಗಾದಷ್ಟೂ ನೀರು ಬೇಗ ಬಿಟ್ಟು ಮೆತ್ತಗಾಗುತ್ತೆ. ತೊಳೆದು ನೀರು ಸೋರಲು ಬಿಡಿ.

3. ಡಬ್ಬಿ ತೆಗೆಯಿರಿ. ಹಳೆ ಮಾದರಿ ಡಬ್ಬಿಗೆ ಅಂಟಿಸಿದ ಸಣ್ಣ ಕೀಲಿ ಇರುತ್ತೆ. ತಗಡಿನ ನಾಲಗೆಯನ್ನು ಕೀಲಿಯ ಸೀಳಿಗೆ ಸಿಕ್ಕಿಸಿ, ಡಬ್ಬಿಯ ಸುತ್ತ ನಿಧಾನವಾಗಿ ಸುತ್ತುತ್ತಾ ಹೋಗಿ. ಬಿಚ್ಚಿದ ಅಂಚು ಬ್ಲೇಡಿನಷ್ಟು ಹರಿತ. ಒಳಗೆ ಬೆರಳು ಹಾಕಬೇಡಿ, ತಲೆಕೆಳಗು ಮಾಡಿ ಜಾರಿಸಿ. ಮಾಂಸ ಆಗಲೇ ಬೆಂದಿದೆ, ನಾವು ಬಿಸಿ ಮಾಡಿ ರುಚಿ ಕೂಡಿಸೋದಷ್ಟೇ.

4. ದಪ್ಪ ತಳದ ಬಾಣಲೆ ಕಾಯಿಸಿ. ಮಾಂಸದ ಅಂಚಿನಲ್ಲಿ ಬೆಳ್ಳಗೆ ಕಾಣುವ ಕೊಬ್ಬಿನ ತುಣುಕುಗಳನ್ನು ಮೊದಲು ಹಾಕಿ. ಎರಡು ನಿಮಿಷದಲ್ಲಿ ಕರಗುತ್ತದೆ. ಅದೇ ನಮ್ಮ ಎಣ್ಣೆ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಮೂರು ನಿಮಿಷ ಬಾಡಿಸಿ.

5. ಉಳಿದ ಮಾಂಸವನ್ನು ದೊಡ್ಡ ತುಂಡುಗಳಾಗಿ ಮುರಿದು ಹಾಕಿ, ಸೌಟಿನಿಂದ ತಳಕ್ಕೆ ಒತ್ತಿ ಎರಡು ನಿಮಿಷ ಕೈ ಆಡಿಸದೆ ಬಿಡಿ. ತಳ ಕೆಂಪಗಾಗಬೇಕು. ದೋಸೆಗೆ ಬಣ್ಣ ಬರುವುದೂ ಇದಕ್ಕೆ ಬಣ್ಣ ಬರುವುದೂ ಒಂದೇ ಮೈಯಾರ್ ಕ್ರಿಯೆಯಿಂದ. ಮೇಲ್ಮೈ ಒಣಗಿ 100 ಡಿಗ್ರಿ ಚೆನ್ನಾಗಿ ದಾಟಿದರೆ ಮಾತ್ರ ಅದು ಬೇಗ ನಡೆಯುತ್ತೆ. ನೀರು ಬೇಡ ಅನ್ನೋಕೆ ಇದು ಇನ್ನೊಂದು ಕಾರಣ.

6. ಟೊಮೆಟೊ ಹಾಕಿ ತಳ ಕೆರೆಯಿರಿ. ಅದರ ರಸಕ್ಕೆ ಅಂಟಿದ್ದೆಲ್ಲ ಬಿಟ್ಟುಕೊಳ್ಳುತ್ತದೆ.

7. ಈಗ ಕೋಸು, ಮೆಣಸಿನ ಪುಡಿ. ಬಾಣಲೆ ತುಂಬಿ ತುಳುಕುತ್ತೆ, ಹೆದರಬೇಡಿ, ಇಳಿಯುತ್ತೆ. ಒಮ್ಮೆ ಮೇಲೆ ಕೆಳಗೆ ಮಾಡಿ ಮೂರು ನಿಮಿಷ ಮುಚ್ಚಿಡಿ. ಮುಚ್ಚಳ ತೆಗೆದು ಉರಿ ಏರಿಸಿ ಇನ್ನೂ ಮೂರು ನಾಲ್ಕು ನಿಮಿಷ ಕೈಯಾಡಿಸಿ. ಕೋಸು ಬಾಡಿರಬೇಕು, ಆದರೆ ಕಚ್ಚಿದರೆ ಸ್ವಲ್ಪ ಕರಕರ ಅನ್ನಬೇಕು.

8. ಉರಿ ಆರಿಸಿ ನಿಂಬೆ ಹಿಂಡಿ. ಆಮೇಲೆ ಮಾತ್ರ ರುಚಿ ನೋಡಿ. ಸಪ್ಪೆ ಅನಿಸಿದರೆ ಉಪ್ಪಿಗೆ ಕೈ ಹಾಕುವ ಮೊದಲು ಇನ್ನೊಂದು ಹನಿ ಹುಳಿ ಹಾಕಿ ನೋಡಿ.

ಒಂದು ತಟ್ಟೆಗೆ ಸುಮಾರು 630 ಕಿಲೋಕ್ಯಾಲರಿ, 30 ಗ್ರಾಂ ಪ್ರೋಟೀನ್ ಸಿಗುತ್ತದೆ. ಉಳಿದರೆ ತೆರೆದ ಡಬ್ಬಿಯಲ್ಲಿ ಇಡಬೇಡಿ, ಬೇರೆ ಪಾತ್ರೆಗೆ ಹಾಕಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ. ಅನ್ನಕ್ಕೂ ಇದೇ ಮಾತು.

ನಿಜವಾಗಿಯೂ ಅಗ್ಗವಾ?

ಇದು ಊರಿನ ಮೇಲೆ ನಿಂತಿದೆ. ಬೆಲೆ ಪಟ್ಟಿ ಕೊಟ್ಟರೆ ನಾಳೆಗೆ ಹಳತಾಗುತ್ತೆ, ಅದಕ್ಕೆ ಲೆಕ್ಕ ಹಾಕೋ ದಾರಿ ಕೊಡುತ್ತೇವೆ. ಒಂದು ತಟ್ಟೆಗೆ ಡಬ್ಬಿಯಿಂದ ಬರುವ ಪ್ರೋಟೀನ್ 23 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಅಂದರೆ ಕಾಲು ಡಬ್ಬಿಗೆ ನಾಲ್ಕು ಮೊಟ್ಟೆ ಸಮ. ಒಣ ಕಡಲೆಕಾಳಿನಲ್ಲಿ ನೂರಕ್ಕೆ ಸುಮಾರು 20 ಗ್ರಾಂ, ಹಾಗಾದರೆ 115 ಗ್ರಾಂ ಕಡಲೆಕಾಳು ಸಮ. ನೀವಿರುವ ಊರಲ್ಲಿ ಈ ಮೂರರ ಬೆಲೆ ಬರೆದು ಪಕ್ಕಪಕ್ಕ ಇಡಿ. ಬೆಂಗಳೂರಿನಲ್ಲಾದರೆ ಮೊಟ್ಟೆ, ಕಾಳು ಗೆಲ್ಲೋದರಲ್ಲಿ ಅನುಮಾನ ಇಲ್ಲ. ಕಿಂಗ್‌ಸ್ಟನ್ನಿನಲ್ಲಿ ಚಂಡಮಾರುತದ ಮಾರನೇ ದಿನ, ಫ್ರಿಜ್ ಇಲ್ಲ, ಮಾರ್ಕೆಟ್ ಇಲ್ಲ ಅಂದಾಗ ಡಬ್ಬಿ ಗೆಲ್ಲುತ್ತೆ. ಅಲ್ಲಿ ಕೊಡುವ ದುಡ್ಡು ಮಾಂಸಕ್ಕಷ್ಟೇ ಅಲ್ಲ, ವರ್ಷಗಟ್ಟಲೆ ಕಾಯುವ ಅದರ ತಾಳ್ಮೆಗೂ ಸೇರಿ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಡಬ್ಬಿಯ ಮಾಂಸ ಗುಲಾಬಿ ಬಣ್ಣದಲ್ಲಿರೋದು ನೈಟ್ರೈಟ್ ಎಂಬ ಲವಣದಿಂದ. ಬೊಟುಲಿನಂ ತಡೆಯೋದರಲ್ಲೂ ಅದರ ಪಾಲಿದೆ. ಆದರೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಹೀಗೆ ಸಂಸ್ಕರಿಸಿದ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ನೂರಕ್ಕೆ 18ರಷ್ಟು ಏರುತ್ತದೆ ಅಂತ ಅಂದಾಜು ಮಾಡಿತು. ಇದು ಮೂಲ ಸಂಭವದ ಮೇಲಿನ ಏರಿಕೆ, ನೂರರಲ್ಲಿ 18 ಜನಕ್ಕೆ ಬರುತ್ತೆ ಅಂತಲ್ಲ. ಆದರೂ ನಮ್ಮ ಕಾಲು ಡಬ್ಬಿಯೇ 85 ಗ್ರಾಂ. ಆದ್ದರಿಂದ ಇದು ಕಷ್ಟಕ್ಕಾಗುವ ಊಟ, ದಿನದ ಊಟ ಅಲ್ಲ. ಕಪಾಟಿನಲ್ಲಿ ಎರಡು ಡಬ್ಬಿ ಇರಲಿ, ವಾರಕ್ಕೆ ಏಳು ಬೇಡ.

ಕಡಲೆಕಾಳಿನ ಪಾಠಾಂತರ

ಮಾಂಸದ ಬದಲು 200 ಗ್ರಾಂ ಕಡಲೆಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿ ನೀರು ಬಸಿದುಕೊಳ್ಳಿ. ಈಗ ಲೆಕ್ಕ ಬದಲಾಗುತ್ತೆ. ಕಾಳಿನಲ್ಲಿ ಉಪ್ಪಿಲ್ಲ, ಎಣ್ಣೆ ಇಲ್ಲ ಅನ್ನಬಹುದು. ಆದ್ದರಿಂದ ಎರಡು ದೊಡ್ಡ ಚಮಚ ಎಣ್ಣೆ, ಒಂದು ಸಣ್ಣ ಚಮಚ ಉಪ್ಪು ನಾವೇ ಹಾಕಬೇಕು. ನೀರು ಮಾತ್ರ ಈಗಲೂ ಬೇಡ, ಕೋಸು ಅದೇ ಕೋಸು. ಬಸಿದ ಕಾಳನ್ನು ಬಾಣಲೆಯಲ್ಲಿ ಸ್ವಲ್ಪ ಜಜ್ಜಿ ಕೆಂಪಗೆ ಹುರಿದು ಆಮೇಲೆ ಕೋಸು ಹಾಕಿ. ತಟ್ಟೆಗೆ ಕಾಳಿನಿಂದ 10 ಗ್ರಾಂ ಪ್ರೋಟೀನ್ ಬರುತ್ತೆ. ನಾಲ್ವರಿಗೂ ಸೇರಿ ನೂರು ಗ್ರಾಂ ಹುರಿದ ಕಡಲೆಬೀಜ ಉದುರಿಸಿದರೆ ತಲೆಗೆ ಇನ್ನೂ 6 ಗ್ರಾಂ ಸೇರುತ್ತದೆ.

ಎರಡು ಅಡುಗೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಧಾನ ಒಂದೇ. ಒಳಗೆ ಏನೇನು ಆಗಲೇ ಇದೆ ಅಂತ ಮೊದಲು ಬರೆದುಕೊಳ್ಳೋದು, ಕೊರತೆ ಇದ್ದದ್ದನ್ನು ಮಾತ್ರ ಸೇರಿಸೋದು. ಮಾಸ್ ಬ್ಯಾಲೆನ್ಸ್ ಅಂತ ಮೂರನೇ ಸೆಮಿಸ್ಟರಿನಲ್ಲಿ ಕೆಮಿಕಲ್‌ನವರಿಗೆ ಕಲಿಸೋದನ್ನೇ ಬಡವರ ಅಡುಗೆಮನೆಗಳು ಪುಸ್ತಕ ಇಲ್ಲದೆ ಮಾಡಿಕೊಂಡು ಬಂದಿವೆ.

ಅಭ್ಯಾಸಕ್ಕೆ

1. ಹಾಸ್ಟೆಲಿನ ಇಂಡಕ್ಷನ್ ಒಲೆ 1.5 ಕಿಲೋವಾಟ್, ದಕ್ಷತೆ ನೂರಕ್ಕೆ 80. ಒಂದು ಲೋಟ ನೀರಿನ ದಂಡ ಈಗ ಎಷ್ಟು ನಿಮಿಷ?

2. ರಿಟಾರ್ಟಿನ ಉಷ್ಣತೆ 116 ಡಿಗ್ರಿಗೆ ಇಳಿದರೆ 12ಡಿ ಸಾಧಿಸಲು ಎಷ್ಟು ಹೊತ್ತು ಬೇಕು?

3. ಇಬ್ಬರೇ ಒಂದು ಡಬ್ಬಿ ಮುಗಿಸಿದರೆ ದಿನದ ಸೋಡಿಯಂ ಮಿತಿಯಲ್ಲಿ ನೂರಕ್ಕೆ ಎಷ್ಟು ಪಾಲು ಆ ಒಂದೇ ಊಟದಲ್ಲಿ ಮುಗಿಯುತ್ತದೆ? ಉಳಿದ ಪಾಲಿನಲ್ಲಿ ಉಪ್ಪಿನಕಾಯಿಗೆ ಜಾಗ ಇದೆಯಾ?

ಉತ್ತರ ಬರೆದುಕೊಂಡು ಸಂಘದ ಕೋಣೆಗೆ ಬನ್ನಿ. ಕಡಲೆಕಾಳಿನ ಬಾಣಲೆ ಜೊತೆಗೆ ತಂದರೆ ಇನ್ನೂ ಒಳ್ಳೆಯದು, ನೀರು ಹಾಕಿದ್ದೀರೋ ಇಲ್ಲವೋ ಅಂತ ಮುಚ್ಚಳ ತೆಗೆದ ಕೂಡಲೇ ವಾಸನೆಯಲ್ಲೇ ಹೇಳಿಬಿಡುತ್ತೇವೆ.